ಬದುವಿನ ಮೇಲೆ ಇನ್ನೊಂದು ಎಲೆ

ಗುಡ್ನಾಪುರದ ಕೆರೆಯ ಕೆಳಗಿನ ಕೇರಿಯಲ್ಲಿ ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಬುಟ್ಟಿಗಳೆಲ್ಲ ಒಂದೊಂದಾಗಿ ದುರ್ಗಿಯ ಜಗುಲಿಗೆ ಬಂದು ಕೂರುತ್ತವೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಅವಳು ಎಳೆ ಎಳೆಯುತ್ತಾಳೆ. ಬತ್ತದ ತೆನೆ, ಏಣಿ, ಎತ್ತಿನ ಗಾಡಿ, ಕೈ ಕೈ ಹಿಡಿದು ನಿಂತ ಗಂಡು ಹೆಣ್ಣು. ಗದ್ದೆಯಲ್ಲಿ ಬತ್ತ ಹೊಡೆ ಕಟ್ಟಿ ನಿಂತ ಕಾಲದಲ್ಲಿ ಭೂಮಿ ಬಸುರಿ. ಅವಳ ಬಯಕೆ ತೀರಿಸಲು ಅಡಿಗೆ ಮಾಡಿ ಹೊತ್ತುಕೊಂಡು ಹೋಗುವ ಬುಟ್ಟಿ ಅದು.

ಈ ಚಿತ್ತಾರಕ್ಕೆ ಹೆಸರು ಬರೆಯುವ ರೂಢಿಯಿಲ್ಲ. ಬೇಕಾಗಿಯೂ ಇಲ್ಲ. ಎಳೆ ನೋಡಿದರೆ ಯಾರ ಮಗಳು ಬರೆದದ್ದು ಎಂದು ತಿಳಿಯುತ್ತದೆ. ದುರ್ಗಿಯದು ಸಿದ್ದಾಪುರದ ಕಡೆಯ ಅವಳ ಅವ್ವನ ಕೈ. ಮೂಲೆಗೆ ಬಂದಾಗ ಎಳೆ ಒಂದು ಉಸಿರು ನಿಂತು ದಪ್ಪಗಾಗಿ ಮತ್ತೆ ತೆಳ್ಳಗೆ ಹೊರಡುತ್ತದೆ. ಅವಳ ಅಪ್ಪ ಮಗಳನ್ನು ಬೀರನಿಗೆ ಕೊಟ್ಟಾಗ, ಗಂಡನ ಮನೆಗೆ ಅವಳು ತಂದದ್ದರಲ್ಲಿ ಊರು ಮೆಚ್ಚಿಕೊಂಡದ್ದು ಆ ಕೈಯೊಂದನ್ನೇ.

ಮೆಚ್ಚಿಕೊಂಡ ಊರೇ ಆಡಿಕೊಳ್ಳುವುದನ್ನೂ ಬಿಡಲಿಲ್ಲ. ಮದುವೆಯಾಗಿ ವರ್ಷದ ಮೇಲೆ ವರ್ಷ ಹೋದರೂ ದುರ್ಗಿಯ ಮಡಿಲು ತುಂಬಲಿಲ್ಲ. ಒಂದು ಸಲ ಪಕ್ಕದ ಮನೆಯ ಸೀತಮ್ಮ ಬುಟ್ಟಿ ಕೊಡಲು ಬಂದವಳು ಜಗುಲಿಯಲ್ಲೇ ನಿಂತು, "ಮಕ್ಕಳಿಲ್ದಿರೋ ಕೈಯಾಗೆ ಬಯಕೆ ಬುಟ್ಟಿ ಬರೆಸ್ಬಾರ್ದು ಅಂತಾರಪ್ಪ. ನಾನಂತೂ ಅದೆಲ್ಲ ನಂಬೋದಿಲ್ಲ" ಅಂದಳು.

ದುರ್ಗಿ ತಲೆ ಎತ್ತದೆ, "ಹಂಗಾರೆ ನೀನೇ ಬರಿ ಸೀತಮ್ಮ. ಹೋದ ವರ್ಷ ನೀ ಬರ್ದ ಎತ್ತು ನೋಡಿ ನಮ್ಮ ನಾಯಿ ಮೂರು ದಿನ ಗದ್ದೆ ಕಡೆ ಹೋಗ್ಲಿಲ್ಲ" ಅಂದಳು.

ಸೀತಮ್ಮ ನಗುತ್ತಲೇ ಹೋದಳು. ದುರ್ಗಿ ನಗಲಿಲ್ಲ.

ಮೂವತ್ತೆಂಟಕ್ಕೇ ಅವಳ ಮುಟ್ಟು ನಿಂತುಹೋಯಿತು. ಅವಳು ಅದನ್ನು ಬೀರನಿಗೆ ಮಾತ್ರ ಹೇಳಿದಳು. ಬೀರ ಒರಟು ಮೈಯ, ಮೆತ್ತನೆ ಮಾತಿನ ಮನುಷ್ಯ. ಕೆರೆಯ ಕೆಳಗೆ ಬತ್ತ, ಮೇಲಿನ ಹುಲ್ಲುಗುಡ್ಡದ ಬೇಣದಲ್ಲಿ ಅನಾನಸು ಬೆಳೆಯುತ್ತಾನೆ. ಅವನು, "ಹುಬ್ಬಳ್ಳ್ಯಾಗೆ ಒಂದು ಆಸ್ಪತ್ರೆ ಐತಂತೆ. ಒಂದ್ಸಲ ಹೋಗಿ ಕೇಳನಾ. ಕೇಳಿದ್ರೆ ಎಂತ ಹೋತದೆ?" ಅಂದ. ಥೈರಾಯ್ಡ್ ತೋರಿಸಲು ಹೋಗುತ್ತೇವೆ ಎಂದು ಅತ್ತೆ ತಿಮ್ಮಿಗೆ ಹೇಳಿ ಬನವಾಸಿಯಲ್ಲಿ ಬಸ್ಸು ಹತ್ತಿದರು.

ಹುಬ್ಬಳ್ಳಿಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮುಗಿಸಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ದುರ್ಗಿಯ ಒಳಗೆ ಮೊಟ್ಟೆ ಮುಗಿದುಹೋಗಿದೆ, ಆದರೆ ಗರ್ಭಕೋಶ ಚೆನ್ನಾಗಿದೆ. ಬೇರೊಬ್ಬ ಹೆಣ್ಣುಮಗಳು ದಾನ ಕೊಟ್ಟ ಮೊಟ್ಟೆಯಲ್ಲಿ ಬೀರನ ಬೀಜ ಸೇರಿಸಿ ಭ್ರೂಣ ಮಾಡಿ ದುರ್ಗಿಯ ಒಳಗೆ ಇಡಬಹುದು.

"ಮೊಟ್ಟೆ ಅಂದ ಕೂಡ್ಲೆ ನಾನು ಕೋಳೀದು ಅಂದ್ಕಂಡೆ ಮಾರಾಯ್ತಿ" ಎಂದು ಬೀರ ಆಮೇಲೆ ಬಸ್ಸಿನಲ್ಲಿ ಹೇಳಿ ಅವಳನ್ನು ನಗಿಸಿದ್ದ. ಅಲ್ಲಿ ಮಾತ್ರ ಇಬ್ಬರೂ ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳುತ್ತಿದ್ದರು.

"ನನಗೆ ನಲವತ್ತು ಹತ್ರ ಬಂತು. ಈಗ ನಿಲ್ತದಾ?" ಎಂದು ದುರ್ಗಿ ಕೇಳಿದಳು.

"ಇದರಾಗ ನಿಮ್ಮ ವಯಸ್ಸಿಗಿಂತ ಮೊಟ್ಟಿ ಕೊಟ್ಟಾಕಿ ವಯಸ್ಸು ಮುಖ್ಯ ನೋಡ್ರಿ" ಅಂದರು ಡಾಕ್ಟರಮ್ಮ. "ಆಕಿ ಸಣ್ಣಾಕಿ, ಆರೋಗ್ಯವಂತಿ ಇದ್ದರ ಅರ್ಧ ಕೆಲಸ ಆದಂಗ. ಉಳಿದದ್ದು ನಿಮ್ಮಿಬ್ಬರದು. ನಿಮ್ಮದು ಗದ್ದೆ ಇದ್ದಂಗ, ಸಸಿ ಬ್ಯಾರೆಯಾಕಿದು. ಗರ್ಭಕೋಶದ ಒಳಪದರ ದಪ್ಪಗ, ಮೆತ್ತಗ ಆಗಬೇಕು. ಥೈರಾಯ್ಡ್, ಶುಗರ್ ಹಿಡಿತದಾಗ ಇರಬೇಕು. ಮೈ ತೂಕ ಸ್ವಲ್ಪ ಇಳಿಸ್ರಿ. ಎಲಿ-ಅಡಕಿ ಜೊತಿ ತಂಬಾಕು ಹಾಕ್ತೀರಿ, ಅಲ್ಲ? ಅದನ್ನ ಬಿಡ್ರಿ. ನೀವೂ ಬೀಡಿ ಬಿಡ್ರಿ ಬೀರಪ್ಪ, ಬೀಜ ನಿಮ್ಮದೈತಿ. ಇಷ್ಟೆಲ್ಲಾ ಸರಿ ಮಾಡಿದ್ರೂ ಒಮ್ಮೊಮ್ಮೆ ನಿಲ್ಲಂಗಿಲ್ಲ. ಅದನ್ನೂ ಮೊದಲ ಹೇಳ್ತೀನಿ."

ಅವಳಿಗೆ ಅರ್ಥವಾಯಿತು. ಸಸಿಮಡಿ ಒಬ್ಬರ ಮನೆಯದು, ನಾಟಿ ಇನ್ನೊಬ್ಬರ ಗದ್ದೆಯಲ್ಲಿ. ಅವರ ಕೇರಿಯಲ್ಲಿ ಮಳೆಗೆ ಮಡಿ ಕೊಳೆತುಹೋದವರು ಬೇರೆ ಮನೆಯಿಂದ ಬಿತ್ತನೆ ಬತ್ತ ತರುವುದುಂಟು, ಆ ವರ್ಷ ಹುಣ್ಣಿಮೆಯ ಅಡಿಗೆಯಲ್ಲಿ ಒಂದು ಪಾಲು ಬೀಜ ಕೊಟ್ಟ ಮನೆಗೆ ಕಳಿಸುವುದೂ ಉಂಟು. ಹಾಗಾಗಿ ಅವಳ ಬಾಯಿಂದ ಮೊದಲು ಬಂದ ಪ್ರಶ್ನೆ, "ಯಾರು ಆ ಹುಡುಗಿ?"

"ಅದನ್ನ ಕೇಳಬಾರದ್ರಿ. ಹೆಸರಿಲ್ಲ, ಊರಿಲ್ಲ, ಮುಖ ತೋರಿಸಂಗಿಲ್ಲ. ಕಾನೂನು. ಇಪ್ಪತ್ತಾರು ವಯಸ್ಸು, ಒಂದು ಮಗು ಐತಿ ಅಷ್ಟ ಹೇಳಬಹುದು."

"ಮೊಟ್ಟೆ ತೆಗಿಯಕ್ಕೆ ಅವಳಿಗೆ ಎಂತ ಮಾಡ್ತಾರೆ?"

"ದಿನಾ ಹೊಟ್ಟಿಗೆ ಇಂಜೆಕ್ಷನ್ ಕೊಟ್ಟು ಮೊಟ್ಟಿ ಬೆಳೆಸ್ತೀವಿ. ಆಮ್ಯಾಲೆ ಮಂಪರು ಕೊಟ್ಟು ಸೂಜಿಯಿಂದ ತೆಗಿತೀವಿ. ಸಂಜೀಕೆ ಮನಿಗೆ ಹೋಗ್ತಾಳ."

"ಹೋಗೋವಾಗ ಅವಳಿಗೆ ಊಟ ಹಾಕ್ತೀರಲ್ವಾ?"

ಡಾಕ್ಟರಮ್ಮ ನಕ್ಕುಬಿಟ್ಟರು. ಔಷಧಿ ಚೀಟಿ ಬರೆಯತೊಡಗಿದರು.

ಮೊದಲ ಸಲ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಒಂದು ಭ್ರೂಣ ಇಟ್ಟರು, ರಕ್ತಪರೀಕ್ಷೆಯ ಹೊತ್ತಿಗೆ ಅದು ಹೋಗಿತ್ತು. ಆ ದಿನಗಳಲ್ಲಿ ದುರ್ಗಿ ಯಾರಿಗೂ ಕಾಣದಂತೆ ದವಡೆಯಲ್ಲಿ ಚೂರು ತಂಬಾಕು ಇಟ್ಟುಕೊಳ್ಳುತ್ತಿದ್ದಳು. ಡಾಕ್ಟರಮ್ಮನ ಮುಂದೆ ಅದನ್ನು ಒಪ್ಪಿಕೊಂಡು ಅತ್ತಾಗ ಅವರು, "ಅದರಿಂದಲೇ ಹೋತು ಅಂತ ಹೇಳಾಕ ಬರಂಗಿಲ್ಲ. ಆದರ ಅದು ಒಳ್ಳೇದಂತೂ ಮಾಡಿಲ್ಲ. ಇನ್ನೊಂದು ಭ್ರೂಣ ಐತಿ, ಐದನೇ ದಿನದ್ದು, ಚಲೋ ಬೆಳೆದದ್ದು, ಥಂಡಿ ಪೆಟ್ಟಿಗ್ಯಾಗ ಇಟ್ಟೀವಿ. ಅದೊಂದ ಉಳಿದದ್ದು" ಅಂದರು. ದುರ್ಗಿ ಊರಿಗೆ ಬಂದವಳು ತಂಬಾಕಿನ ಡಬ್ಬಿಯನ್ನು ಕೆರೆಗೆ ಎಸೆದಳು. ಮತ್ತೆ ಮುಟ್ಟಲಿಲ್ಲ.

ಆ ಕೊನೆಯದನ್ನು ಬತ್ತ ಹೊಡೆಯಾಗುವ ಹೊತ್ತಿಗೆ ಇಟ್ಟರು. ಈ ಸಲ ಡಾಕ್ಟರಮ್ಮ ಒಂದು ಮಾತನ್ನು ತಿರುಗಿ ತಿರುಗಿ ಹೇಳಿದರು: ಬಸುರು ಉಳಿಸುವ ರಸ ದುರ್ಗಿಯ ಮೈಯಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದೆಲ್ಲ ಹೊರಗಿನಿಂದಲೇ ಬರಬೇಕು. ದಿನಾ ಸಂಜೆ ಎಣ್ಣೆ ಇಂಜೆಕ್ಷನ್. ಒಂದು ದಿನವೂ ತಪ್ಪುವಂತಿಲ್ಲ.

ಇಂಜೆಕ್ಷನ್ ಕೊಡಲು ರಕ್ಷಿತಾ ಬರುತ್ತಿದ್ದಳು. ಬನವಾಸಿ ರಸ್ತೆಯ ಆರೋಗ್ಯ ಕೇಂದ್ರದ ನರ್ಸು, ಅದೇ ಕೇರಿಯ ಹುಡುಗಿ. ಸಂಜೆ ಸ್ಕೂಟಿ ನಿಲ್ಲಿಸಿ, "ದುರ್ಗಕ್ಕಾ, ಸೊಂಟ ತಯಾರು ಮಾಡ್ಕ" ಎಂದು ಕೂಗುತ್ತಲೇ ಒಳಗೆ ಬರುತ್ತಿದ್ದಳು. ತಿಮ್ಮಿ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಏನು ಎಂದು ಕೇಳುತ್ತಿರಲಿಲ್ಲ.

ಹಾಗೆ ಇದ್ದಾಗ ಬುಟ್ಟಿ ಬರೆಯುವ ದಿನ ಬಂತು.

ಬೇರೆಯವರ ಬುಟ್ಟಿಗಳೆಲ್ಲ ಸರಿಯಾಗಿಯೇ ಮುಗಿದವು. ಕೊನೆಗೆ ತಮ್ಮ ಮನೆಯ ಬುಟ್ಟಿ ಎತ್ತಿಕೊಂಡಳು. ಮಧ್ಯಾಹ್ನದ ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು. ತೆನೆ ಬರೆದಳು, ಏಣಿ ಬರೆದಳು. ಕೈ ತನ್ನಷ್ಟಕ್ಕೆ ಹೋಗುತ್ತಿತ್ತು, ಅವಳ ಮನಸ್ಸು ಹೊಟ್ಟೆಯೊಳಗಿನ ಸಾಸಿವೆಯಷ್ಟು ಜೀವದ ಮೇಲಿತ್ತು. ತಿಮ್ಮಿ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಾಗಲೇ ಅವಳು ಬುಟ್ಟಿಯನ್ನು ಕಣ್ಣಿಟ್ಟು ನೋಡಿದ್ದು.

"ಇದು ಯಾರ ಕೈಯೇ?" ಅಂದಳು ತಿಮ್ಮಿ.

ಏಣಿಯ ಕೆಳಗೆ ಒಂದು ಹೆಣ್ಣು ನಿಂತಿತ್ತು. ಒಂಟಿ. ಅವರ ಚಿತ್ತಾರದಲ್ಲಿ ಒಂಟಿ ಹೆಣ್ಣನ್ನು ಯಾರೂ ಬರೆಯುವುದಿಲ್ಲ, ಜೋಡಿಯೇ ಬರೆಯುವುದು. ಅವಳ ಎರಡು ಕೈಯೂ ಮುಂದೆ ಚಾಚಿ ಬೊಗಸೆಯಾಗಿದ್ದವು. ಎಳೆ ಮೂಲೆಯಲ್ಲಿ ನಿಂತು ದಪ್ಪಗಾಗಿರಲಿಲ್ಲ. ಎಲ್ಲೂ ನಿಲ್ಲದೆ, ಅವಸರದಲ್ಲಿ, ಕೂದಲಿನಷ್ಟು ಸಣ್ಣಗೆ ಓಡಿತ್ತು.

"ನಾನು ಬರ್ದಿದ್ದಲ್ಲ ಅತ್ತೆ."

"ಮತ್ತೆ ಬೆಕ್ಕು ಬರೀತಾ?" ತಿಮ್ಮಿ ಬಗ್ಗಿ ಬೆರಳನ್ನು ಹತ್ತಿರ ಒಯ್ದಳು, ಮುಟ್ಟಲಿಲ್ಲ. "ಹಸ್ದವಳ ಬೊಗಸೆ ಇದು" ಎಂದಷ್ಟೇ ಹೇಳಿ ಒಳಗೆ ಹೋದಳು.

ದುರ್ಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಕೆಮ್ಮಣ್ಣು ಬಳಿದಳು. ಸಂಜೆಗೆ ಮಣ್ಣು ಒಣಗಿತು. ಒಣಗಿದ ಕೆಂಪಿನ ಒಳಗಿಂದ ಹೆಣ್ಣು ಮತ್ತೆ ತೇಲಿ ಬಂದಿತ್ತು, ಹೊಗೆಯ ಬಣ್ಣದಲ್ಲಿ. ಬೊಗಸೆ ಮಾತ್ರ ಬೆಳ್ಳಗಿತ್ತು. ಅಕ್ಕಿ ಹಿಟ್ಟು ಮಣ್ಣಿಗೆ ಇಳಿದರೆ ಹಾಗಾಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡು ಬುಟ್ಟಿಯ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಟ್ಟಳು.

ಹಬ್ಬದ ಹಿಂದಿನ ದಿನ ತಿಮ್ಮಿ ಮನೆಯ ಕತ್ತಿ, ಹಾರೆ, ಗುದ್ದಲಿ ಎಲ್ಲ ಒಟ್ಟು ಮಾಡಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದಳು. ಅದು ಪ್ರತಿ ವರ್ಷದ ಪದ್ಧತಿ. ಆ ದಿನದಿಂದ ಹಬ್ಬ ಕಳೆಯುವ ತನಕ ಅವರು ಗದ್ದೆಗೆ ಕಬ್ಬಿಣ ತಾಗಿಸುವುದಿಲ್ಲ. ಬಸುರಿಯ ಮೈಗೆ ಮೊನೆ ತಾಗಬಾರದು. ಕೆಸುವಿನ ಸೊಪ್ಪನ್ನೂ ಅಂದು ಕೈಯಲ್ಲೇ ಮುರಿದು ತರುತ್ತಾರೆ.

"ಭೂಮಿತಾಯಿಗೆ ಇವತ್ತು ಸೂಜಿ ಮೊನೆಯಷ್ಟೂ ತಾಗಬಾರ್ದು" ಎಂದು ತಿಮ್ಮಿ ಎಂದಿನಂತೆ ಹೇಳಿದಳು. ಎಂದಿನ ಮಾತು. ಅದು ದುರ್ಗಿಯ ಕಿವಿಯಲ್ಲಿ ಬೇರೆಯಾಗಿ ಇಳಿಯಿತು.

ಡಾಕ್ಟರಮ್ಮ ಏನಂದಿದ್ದರು? ನಿಮ್ಮದು ಗದ್ದೆ ಇದ್ದಂಗ. ಬೇರೆಯವಳ ಸಸಿ ಬಂದು ನಿಂತ ಗದ್ದೆ. ಹಾಗಾದರೆ ತಾನೂ ಈಗ ಭೂಮಿಯೇ. ಮೊದಲನೆಯದು ನಿಲ್ಲದೆ ಹೋಯಿತು, ಉಳಿದದ್ದು ಇದೊಂದೇ. ಇಂಥ ದಿನ ಮೈಗೆ ಸೂಜಿ ಚುಚ್ಚಿಸಿಕೊಂಡು ಇದೂ ಹೋದರೆ? ಅವಳು ಸಂಜೆಯ ತನಕ ಸೊಪ್ಪು ಬಿಡಿಸುತ್ತ ಇದನ್ನೇ ಯೋಚಿಸಿದಳು. ಸ್ಕೂಟಿಯ ಸದ್ದು ಕೇಳಿದಾಗ ಎದ್ದು ಅಂಗಳಕ್ಕೇ ಹೋದಳು.

"ಇವತ್ತು ಬ್ಯಾಡ ರಕ್ಷಿತಾ. ಬೆಳಗ್ಗೆ ಬನವಾಸಿಗೆ ಹೋಗಿದ್ದೆ, ಅಲ್ಲೇ ಹಾಕಿಸ್ಕಂಡೆ."

"ಹೌದಾ? ಯಾರು ಹಾಕಿದ್ದು?"

"ಅಲ್ಲಿ ಇದ್ರಲ್ಲ, ಡಾಕ್ಟ್ರು."

ರಕ್ಷಿತಾ ಒಂದು ಗಳಿಗೆ ಅವಳ ಮುಖ ನೋಡಿದಳು. "ಸರಿ ಹಂಗಾರೆ. ನಾಳೆ ಕಡುಬು ಎತ್ತಿಡು, ಸೂಜಿಗೆ ಬದ್ಲಿ ಕಡುಬು" ಎಂದು ನಕ್ಕು ಗಾಡಿ ತಿರುಗಿಸಿದಳು.

ಮರುದಿನ ಮೂಡಣ ಬೆಳ್ಳಗಾಗುವಾಗ ಬೀರ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ, ದುರ್ಗಿ ನೀರಿನ ಚೊಂಬು ಹಿಡಿದು ಹಿಂದೆ. ಕೆರೆಯಿಂದ ಎದ್ದ ಮಂಜು ಗದ್ದೆಯ ಮೇಲೆ ಹಾಲಿನ ಕೆನೆಯ ಹಾಗೆ ಕೂತಿತ್ತು. ಬತ್ತದ ತಲೆ ಮಾತ್ರ ಕಾಣುತ್ತಿತ್ತು, ಬದು ಕಾಣುತ್ತಿರಲಿಲ್ಲ. ಮೂಲೆಯ ಅಗಲವಾದ ಬದುವಿನ ಮೇಲೆ ಪೂಜೆ ಮಾಡಿ, ಬಾಳೆ ಎಲೆ ಹಾಸಿ, ಕಡುಬು, ಅನ್ನ, ಸೊಪ್ಪಿನ ಪಲ್ಯ ಬಡಿಸಿ ನೀರು ಬಿಟ್ಟರು. ಆಮೇಲೆ ಬೀರ, ಬೇಯಿಸಿದ ಸೊಪ್ಪು ಅನ್ನ ಕಲೆಸಿದ್ದನ್ನು ಗದ್ದೆಗೆ ಬೀರುತ್ತ, ತಾಯೀ ಬಾ, ಉಂಡು ಹೋಗು ಎಂದು ಕೂಗುತ್ತ ಸುತ್ತು ಹೊರಟ. ದುರ್ಗಿ ಎಲೆಗೆ ಬೆನ್ನು ತಿರುಗಿಸಿ ನಿಂತಳು. ಬಸುರಿ ಉಣ್ಣುವಾಗ ಬಾಯಿ ನೋಡಬಾರದು. ಭೂಮಿಗೂ ಅದೇ ಮರ್ಯಾದೆ.

ಬೀರ ಮಂಜಿನಲ್ಲಿ ಕರಗಿಹೋದ. ಅವನ ಕೂಗು ಮಾತ್ರ ದೂರ ದೂರ ಹೋಗುತ್ತಿತ್ತು.

ಆಗ ಅವಳ ಬೆನ್ನ ಹಿಂದೆ ಯಾರೋ ಕಡುಬು ಮುರಿದರು.

ನಾಯಿ ಅಂದುಕೊಂಡಳು. ನಾಯಿ ಹಾಗೆ ಮುರಿಯುವುದಿಲ್ಲ, ಕಚ್ಚುತ್ತದೆ. ಇದು ಬೆರಳಿನಲ್ಲಿ ಮುರಿದು, ಪಲ್ಯಕ್ಕೆ ಒತ್ತಿ, ಬಾಯಿಗೆ ಹಾಕಿಕೊಂಡ ಸದ್ದು. ಬೆರಳು ಚೀಪಿದ ಸದ್ದು. ಎರಡು ದಿನ ಉಣ್ಣದವರು ಉಣ್ಣುವ ಹಾಗೆ, ಉಸಿರಿಗೂ ಬಿಡುವಿಲ್ಲದೆ. ತಿರುಗಬಾರದು ಎಂದು ದುರ್ಗಿಗೆ ಗೊತ್ತಿತ್ತು. ತಿರುಗಿದಳು.

ಎಲೆಯ ಆಚೆ ಒಬ್ಬ ಹುಡುಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೈ ಮೇಲೆ ಆಸ್ಪತ್ರೆಯಲ್ಲಿ ತೊಡಿಸುವ ಹಸಿರು ಅಂಗಿ, ಬೆನ್ನಿಗೆ ದಾರ ಕಟ್ಟುವಂಥದು. ಮೊಣಕೈಯ ಒಳಗೆ ಹತ್ತಿ ಇಟ್ಟು ಅಂಟಿಸಿದ ಪಟ್ಟಿ. ಬರಿಗಾಲು. ಬೊಗಸೆಯಲ್ಲಿ ಅನ್ನ ಎತ್ತಿ ಉಣ್ಣುತ್ತಿದ್ದಳು. ಬಗ್ಗಿಸಿದ ತಲೆಯನ್ನು ಎತ್ತಲಿಲ್ಲ. ಮುಖ ಕಾಣಲಿಲ್ಲ.

"ಯಾರೇ ನೀನು?" ಅಂದಳು ದುರ್ಗಿ.

ಹುಡುಗಿ ಉಣ್ಣುವುದನ್ನು ನಿಲ್ಲಿಸಿದಳು. ಹುಬ್ಬಳ್ಳಿ ಕಡೆಯ ಮಾತು, ನೆಗಡಿಯಾದವರ ದನಿ.

"ನನಗ ದಿನಾ ಚುಚ್ಚಿದ್ರು ಅಕ್ಕಾ. ಅಮಾಸಿ ದಿನಾನೂ ಚುಚ್ಚಿದ್ರು, ಹಬ್ಬದ ದಿನಾನೂ ಚುಚ್ಚಿದ್ರು. ನಾ ಒಂದಿನಾನೂ ಬ್ಯಾಡ ಅನ್ನಲಿಲ್ಲ."

ಬೀರನ ಕೂಗು ಹತ್ತಿರದಲ್ಲೇ ಕೇಳಿತು. ದುರ್ಗಿ ಬೆಚ್ಚಿ ಅತ್ತ ನೋಡಿದಳು. ಮತ್ತೆ ಇತ್ತ ನೋಡಿದಾಗ ಬದುವಿನ ಮೇಲೆ ಎಲೆಯೊಂದೇ ಇತ್ತು. ಹುಡುಗಿ ಕೂತಿದ್ದ ಜಾಗದ ಹುಲ್ಲಿನಲ್ಲಿ ಇಬ್ಬನಿ ಒಂದು ಹನಿಯೂ ಉದುರಿರಲಿಲ್ಲ. ಎಲೆ ಬರಿದಾಗಿತ್ತು, ಮಡಚಿತ್ತು. ಉಂಡವರು ತಮ್ಮ ಕಡೆಗೆ ಮಡಚಿಕೊಳ್ಳುವ ಹಾಗಲ್ಲ. ತನ್ನಿಂದ ಆಚೆಗೆ ದೂಡಿ ಮಡಚಿತ್ತು, ತಿಥಿ ಊಟದ ಎಲೆಯ ಹಾಗೆ.

"ಏ, ಎಂತಾಯ್ತೇ? ಮುಖ ಯಾಕೆ ಹಂಗಾಗದೆ?" ಎನ್ನುತ್ತ ಬೀರ ಮಂಜಿನಿಂದ ಹೊರಗೆ ಬಂದ.

"ರಕ್ಷಿತಾ ಮನೆಗೆ ನಡೀರಿ."

"ಇಷ್ಟು ಬೆಳಗ್ಗೆ? ಇನ್ನೂ ನಾವು ಉಂಡಿಲ್ಲ..."

"ನಿನ್ನೆ ನಾನು ಇಂಜೆಕ್ಷನ್ ತಗಳ್ಲಿಲ್ಲ. ಸುಳ್ಳು ಹೇಳ್ದೆ. ನಡೀರಿ ಅಂದ್ನಲ್ಲ!"

ಬೀರ ಬುಟ್ಟಿಯನ್ನು ಅಲ್ಲೇ ಇಟ್ಟ. ಗದ್ದೆಗೆ ತಂದ ಅಡಿಗೆಯನ್ನು ಉಣ್ಣದೆ ಬಿಟ್ಟು ಹೋದದ್ದು ಅವರ ಮನೆಯಲ್ಲಿ ಅದೇ ಮೊದಲು.

ರಕ್ಷಿತಾ ಹಲ್ಲುಜ್ಜುತ್ತಿದ್ದವಳು ನೊರೆಯ ಬಾಯಲ್ಲೇ ಬೈದಳು. "ನೀನೇನು ಸಣ್ಣ ಹುಡುಗೀನಾ ದುರ್ಗಕ್ಕ? ಭೂಮಿಗೆ ಕಬ್ಬಿಣ ತಾಗಬಾರ್ದು ಸರಿ. ನಿನ್ನೊಳಗಿನ ಗದ್ದೆಗೆ ಆ ಸೂಜಿಯೇ ನೀರು. ನೀರು ತಪ್ಪಿದ್ರೆ ಸಸಿ ನಿಲ್ತದಾ?" ಬೈಯುತ್ತಲೇ ಹುಬ್ಬಳ್ಳಿಗೆ ಫೋನು ಹಚ್ಚಿದಳು. ದುರ್ಗಿ ಬಚ್ಚಲಿಗೆ ಹೋಗಿ ಬಂದು ಗೋಡೆ ಹಿಡಿದು ನಿಂತಳು. ಸೀರೆಯಲ್ಲಿ ಕೆಮ್ಮಣ್ಣಿನ ಬಣ್ಣದ ಕಲೆ ಕಂಡಿತ್ತು.

ಡಾಕ್ಟರಮ್ಮ ಫೋನಿನಲ್ಲಿ ಬೈಯಲಿಲ್ಲ. ಈಗಲೇ ಒಂದು ಇಂಜೆಕ್ಷನ್ ಕೊಡಿ, ತಾವೇ ಹೆಚ್ಚು ಹಾಕಬೇಡಿ, ಇನ್ನೊಂದು ಗುಳಿಗೆ ಹೇಳುತ್ತೇನೆ ಅದನ್ನು ಶುರು ಮಾಡಿ, ಕಲೆ ಕಂಡ ಮಾತ್ರಕ್ಕೆ ಎಲ್ಲ ಹೋಯಿತು ಅಂತಲ್ಲ ಎಂದರು. ಸೂಜಿ ಒಳಗೆ ಹೋಗುವಾಗ ದುರ್ಗಿ ಕಣ್ಣು ಮುಚ್ಚಲಿಲ್ಲ. ಮೊದಲ ಸಲ ಅದನ್ನು ನೋಡಿದಳು.

ಅಲ್ಲಿಂದ ರಕ್ತಪರೀಕ್ಷೆಯ ತನಕ ಅವಳು ಮಾತು ಬಿಟ್ಟಳು. ಗದ್ದೆಯಲ್ಲಿ ಕಂಡದ್ದನ್ನು ಬೀರನಿಗೂ ಹೇಳಲಿಲ್ಲ. ಬುಟ್ಟಿಯನ್ನು ಅವನು ಮರಳಿ ತಂದು ಜಗುಲಿಯ ಗೂಟಕ್ಕೆ ತೂಗುಹಾಕಿದ್ದ. ಗೋಡೆಗೆ ತಿರುಗಿಸಿ ತೂಗುಹಾಕಿದ್ದರೂ ಬೆಳಗ್ಗೆ ನೋಡಿದರೆ ಬೊಗಸೆಯ ಹೆಣ್ಣು ಮನೆಯೊಳಗೆ ಮುಖ ಮಾಡಿರುತ್ತಿತ್ತು. ಗಾಳಿಗೆ ತಿರುಗುತ್ತದೆ ಎಂದು ಬೀರ ಹೇಳಿದ. ಇರಬಹುದು. ಜಗುಲಿಯಲ್ಲಿ ಗಾಳಿ ಆಡುವುದು ಹೌದು. ಆದರೆ ದುರ್ಗಿಯ ಹೆದರಿಕೆ ಬುಟ್ಟಿಯದಾಗಿರಲಿಲ್ಲ. ಆಚೆಗೆ ಮಡಚಿದ ಎಲೆ ಕಣ್ಣಿಗೆ ಕಟ್ಟಿತ್ತು. ಆ ಎಲೆ ಯಾರ ಸಾವಿನದು? ಹೊಟ್ಟೆಯೊಳಗಿನದರದಾ, ಇಲ್ಲ ಆ ಹುಡುಗಿಯದೇನಾ?

ಕಲೆ ನಿಧಾನಕ್ಕೆ ನಿಂತಿತು. ಹುಬ್ಬಳ್ಳಿಯಲ್ಲಿ ರಕ್ತ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂತು ಕಾದರು. ಡಾಕ್ಟರಮ್ಮ ಒಳಗೆ ಕರೆದು, "ನಿಂತೈತ್ರಿ" ಅಂದರು. ಬೀರ ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದ. ದುರ್ಗಿ ಕೇಳಿದ್ದು ಬೇರೆ.

"ಮೊಟ್ಟೆ ಕೊಟ್ಟ ಹುಡುಗಿ... ಬದುಕಿದಾಳಾ?"

"ಅದೇನ್ ಕೇಳ್ತೀರಿ? ಆಕಿಗೆ ಏನಾಗ್ತೈತಿ?"

"ಹೆಸ್ರು ಬ್ಯಾಡ, ಊರು ಬ್ಯಾಡ. ಆರಾಮದಾಳಾ ಅಷ್ಟು ಹೇಳಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಲ್ಲಿಂದ ಹೋಗೋ ದಿನ ಆರಾಮ ಇದ್ದಳು. ಅಲ್ಲಿಂದ ಮುಂದಿಂದು ನನಗೂ ಗೊತ್ತಾಗಂಗಿಲ್ಲ. ಗೊತ್ತಿದ್ರೂ ಹೇಳಾಕ ಬರಂಗಿಲ್ಲ." ಮೊದಲ ದಿನದ ಮಾತು ನೆನಪಾದವರ ಹಾಗೆ, "ಚಹಾ ಬಿಸ್ಕೀಟು ಕೊಟ್ಟಿದ್ವಿ" ಅಂದರು.

ಮಳೆಗಾಲದ ಮೊದಲಲ್ಲಿ ಶಿರಸಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಸೀತಮ್ಮ ನೋಡಲು ಬಂದವಳು ಮಗುವಿನ ಮೂಗು, ಕಿವಿ ಎಲ್ಲ ತಿರುಗಿಸಿ ನೋಡಿ, "ಅಪ್ಪನ ಹಣೆ. ಕಣ್ಣು ಯಾರದ್ದೋ ಗೊತ್ತಾಗಲ್ಲ" ಅಂದಳು. "ನಿನ್ನದಲ್ಲ ಬಿಡು, ಪುಣ್ಯ" ಅಂದಳು ದುರ್ಗಿ. ಮಗು ಹಾಲಿಗೆ ಅಳುತ್ತಿದ್ದದ್ದು ಕಡಿಮೆ. ಹಸಿವಾದಾಗ ಎರಡು ಕೈಯನ್ನೂ ಒಟ್ಟು ಮಾಡಿ ಮುಂದೆ ಚಾಚುತ್ತಿತ್ತು. ಎಲ್ಲರಿಗೂ ಅದು ಚೆಂದ ಕಾಣುತ್ತಿತ್ತು. ದುರ್ಗಿ ಮಾತ್ರ ಆಗ ತಡಮಾಡದೆ ಎತ್ತಿಕೊಳ್ಳುತ್ತಿದ್ದಳು.

ಮುಂದಿನ ಹುಣ್ಣಿಮೆಗೆ ಅವಳು ತಮ್ಮ ಬುಟ್ಟಿಯನ್ನು ಹೊಸದಾಗಿ ಸಾರಿಸಿ ಬರೆದಳು. ಏಣಿಯ ಕೆಳಗೆ ಬಂದಾಗ ಕೈ ತಡೆಯಿತು. ಆಮೇಲೆ ಒಂಟಿ ಹೆಣ್ಣನ್ನು ತಾನೇ ಬರೆದಳು, ಅವ್ವನ ಕೈಯಲ್ಲಿ, ಮೂಲೆಯಲ್ಲಿ ಉಸಿರು ನಿಲ್ಲಿಸಿ. ಬೊಗಸೆಯ ಮುಂದೆ ಒಂದು ಎಲೆ ಬರೆದಳು, ಎಲೆಯ ತುಂಬ ಚುಕ್ಕಿ ಇಟ್ಟಳು. ತಿಮ್ಮಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

ಹಬ್ಬದ ದಿನ ಬುಟ್ಟಿ ತುಂಬುವಾಗ ತಿಮ್ಮಿ ಎರಡನೆಯ ಬಾಳೆ ಎಲೆಯನ್ನು ಒರೆಸಿ ಸುತ್ತಿ ಒಳಗಿಟ್ಟಳು.

"ಇದು ಎಂತಕ್ಕೆ ಅತ್ತೆ?"

"ಬೀಜ ಕೊಟ್ಟ ಮನೆಗೆ ಊಟ ಕಳ್ಸದು ಬ್ಯಾಡ್ವಾ?"

ದುರ್ಗಿಯ ಕೈಯಲ್ಲಿದ್ದ ಕಡುಬು ಪಾತ್ರೆಗೆ ಜಾರಿತು. "ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನೀನು ಮುಟ್ಟಿನ ಬಟ್ಟೆ ಒಗೆಯದು ಬಿಟ್ಟು ಎಷ್ಟು ವರ್ಷಾತು ಅಂತ ನಾನು ನೋಡಿಲ್ವನೆ? ಥೈರಾಯ್ಡಿಗೆ ಮಗು ಹುಟ್ತದಾ?" ಮೊಮ್ಮಗಳ ಕೈಗೆ ಬೆರಳು ಕೊಟ್ಟು, "ಊಟಕ್ಕೆ ಉಪ್ಪು ಸರಿ ಇರ್ಲಿ. ಬಂದವಳು ಎಂತ ಅಂದ್ಕಂಡಾಳು" ಅಂದಳು.

ಅವತ್ತೂ ಮಂಜಿತ್ತು. ಬೀರ ಭೂಮಿಯ ಎಲೆಗೆ ಪೂಜೆ ಮಾಡಿ ಸುತ್ತು ಹೊರಟ. ದುರ್ಗಿ ಹೋದ ವರ್ಷದ ಜಾಗದಲ್ಲೇ ಎರಡನೆಯ ಎಲೆ ಹಾಸಿದಳು. ಕಡುಬು ಎರಡು ಹೆಚ್ಚೇ ಬಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಿರುಗಿಸಿ ನಿಂತಳು. ಈ ಸಲ ತಿರುಗಿ ನೋಡುವುದಿಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು.

ಬೀರನ ಕೂಗು ದೂರ ಹೋಯಿತು. ಹಿಂದೆ ಕಡುಬು ಮುರಿದ ಸದ್ದು ಬಂತು. ಅವಸರವಿಲ್ಲದ ಸದ್ದು. ದುರ್ಗಿ ಮಗುವನ್ನು ಅಪ್ಪಿ ಹಿಡಿದಳು. ಮಗು ಅವಳ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು. ಯಾರೋ ಮುಖ ಮಾಡಿ ಆಡಿಸಿದರೆ ನಗುವ ಹಾಗೆ ಸಣ್ಣಗೆ ನಕ್ಕಿತು. ಆಮೇಲೆ ಎರಡು ಕೈಯನ್ನೂ ಚಾಚಿತು.

"ಉಣ್ಣು ತಂಗೀ, ಹೊಟ್ಟೆ ತುಂಬ ಉಣ್ಣು" ಅಂದಳು ದುರ್ಗಿ ಮುಂದಿನ ಮಂಜನ್ನೇ ನೋಡುತ್ತ. "ಎತ್ಕಳೋದು ಮಾತ್ರ ಬ್ಯಾಡ. ಇದು ನನ್ನ ಹತ್ರ ಇರ್ಲಿ."

ಮಗುವಿನ ಕೈ ಒಂದು ಗಳಿಗೆ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ಮತ್ತೆ ಮೆಲ್ಲಗೆ ಬಂದು ದುರ್ಗಿಯ ಕತ್ತನ್ನು ಹಿಡಿದುಕೊಂಡಿತು.

ಬೀರ ಸುತ್ತು ಮುಗಿಸಿ ಬಂದ ಮೇಲೆಯೇ ಅವಳು ತಿರುಗಿದಳು. ಭೂಮಿತಾಯಿಯ ಎಲೆಯ ಮೇಲೆ ಕಾಗೆ ಕೂತು ಕುಕ್ಕುತ್ತಿತ್ತು. ಇನ್ನೊಂದು ಎಲೆಯ ಹತ್ತಿರ ಕಾಗೆ ಹೋಗಿರಲಿಲ್ಲ. ಅದರಲ್ಲಿ ಒಂದು ಅಗುಳೂ ಉಳಿದಿರಲಿಲ್ಲ, ಸುತ್ತಲಿನ ಇಬ್ಬನಿ ಹಾಗೆಯೇ ಇತ್ತು.

"ಯಾರೇ ಇದು ಉಂಡಿದ್ದು?" ಬೀರ ಬಗ್ಗಿ ನೋಡಿದ. "ಎಲೆ ಬೇರೆ ಮಡಚಿಟ್ಟಾರೆ."

ದುರ್ಗಿ ಹತ್ತಿರ ಹೋಗಿ ನೋಡಿದಳು. ಎಲೆಯನ್ನು ಉಂಡವಳು ತನ್ನ ಕಡೆಗೆ ಮಡಚಿಕೊಂಡಿದ್ದಳು.